ಕಾಡಿಗೆ ಬಂದವರ ಲೆಕ್ಕ ಹಾಕೋದು ಹೇಗೆ? ಟಿಕೆಟ್ ಎಣಿಸಿದರೆ ಸಾಲದು

ಕುಮಾರ ಪರ್ವತಕ್ಕೆ ದಿನಕ್ಕೆ 300 ಜನ ಸಾಕಾ, ಜಾಸ್ತಿಯಾ, ಕಡಿಮೆಯಾ? ಲಾಡ್ಜ್, ಹೋಟೆಲ್ ಇಟ್ಟವರದ್ದು ಒಂದು ಲೆಕ್ಕ, ಕಾಡು ಉಳಿಯಬೇಕು ಅನ್ನೋರದ್ದು ಇನ್ನೊಂದು ಲೆಕ್ಕ.

2024ರ ಜನವರಿ ಕೊನೆಯ ಸಾಲು ರಜೆಯಲ್ಲಿ ಸಾವಿರಾರು ಚಾರಣಿಗರು ಒಟ್ಟಿಗೆ ಬಂದು, ಬೆಟ್ಟದ ದಾರಿ ತುಂಬಿದ್ದ ವಿಡಿಯೋ ರಾಜ್ಯವಿಡೀ ಹರಿದಾಡಿತ್ತು. ಆಗ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಲು ಸೂಚಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಶುರುವಾಯ್ತು, ಒಂದು ಚಾರಣ ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು.

ಬುಕಿಂಗ್ ನೋಡಿದರೆ ಎಷ್ಟು ಜನ ಹತ್ತಿದರು ಅಂತ ಗೊತ್ತಾಗುತ್ತೆ. ಆದರೆ ಅವರು ಖುಷಿಯಾಗಿ ಹೋದರಾ, ಊರಲ್ಲಿ ಎಷ್ಟು ಖರ್ಚು ಮಾಡಿದರು, ಮತ್ತೆ ಬರ್ತಾರಾ ಅನ್ನೋದು ಟಿಕೆಟ್‌ನಲ್ಲಿ ಬರೆದಿರಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ಹೀಗೆ ಕೇಳುವುದಕ್ಕೆ ಒಂದು ದೊಡ್ಡ ಪದ್ಧತಿ ಅಮೆರಿಕದ ಸರ್ಕಾರಿ ಅರಣ್ಯಗಳಲ್ಲಿದೆ. ಅದು ನಡೆಯೋದು ಹೇಗೆ ಅಂತ ಇಲ್ಲಿ ವಿವರಿಸಿದ್ದೇವೆ.

ಏನಿದು ಸರ್ವೆ?

ಹೆಸರು ನ್ಯಾಷನಲ್ ವಿಸಿಟರ್ ಯೂಸ್ ಮಾನಿಟರಿಂಗ್. ನಡೆಸೋದು ಅಲ್ಲಿನ ಕೃಷಿ ಇಲಾಖೆಯ ಕೆಳಗಿರುವ ಫಾರೆಸ್ಟ್ ಸರ್ವೀಸ್. 2000ನೇ ಇಸವಿಯಲ್ಲಿ ಶುರುವಾಯ್ತು. ಇವರ ಕೈಯಲ್ಲಿ 154 ರಾಷ್ಟ್ರೀಯ ಅರಣ್ಯಗಳಿವೆ. ಒಳಗೆ ಹೋಗಲು ಲೆಕ್ಕವಿಲ್ಲದಷ್ಟು ದಾರಿ, ಹೆಚ್ಚಿನ ಕಡೆ ಗೇಟೂ ಇಲ್ಲ, ಟಿಕೆಟೂ ಇಲ್ಲ. ಹಾಗಾಗಿ ಎಲ್ಲರನ್ನೂ ಎಣಿಸುವ ಬದಲು ಸ್ಯಾಂಪಲ್ ತೆಗೆದು ಅಂದಾಜು ಮಾಡ್ತಾರೆ. ಒಂದೊಂದು ಅರಣ್ಯದ ಸರದಿ 5 ವರ್ಷಕ್ಕೊಮ್ಮೆ ಬರುತ್ತೆ.

ಎಣಿಸೋದು ಹೋಗುವಾಗ

ಮೊದಲು ಅರಣ್ಯದ ಜಾಗಗಳನ್ನು ವಿಂಗಡಿಸ್ತಾರೆ: ಹಗಲು ಬಂದು ಹೋಗುವ ಜಾಗ, ರಾತ್ರಿ ತಂಗುವ ಜಾಗ, ಸಾಮಾನ್ಯ ಕಾಡು, ಸಂರಕ್ಷಿತ ದಟ್ಟ ಕಾಡು. ಯಾವ ದಿನ ಎಲ್ಲಿ ಜನ ಜಾಸ್ತಿ, ಎಲ್ಲಿ ಕಡಿಮೆ ಅಂತಲೂ ಮೊದಲೇ ಗುರುತಿಸಿರ್ತಾರೆ. ಭಾನುವಾರ ಮಾತ್ರ ಎಣಿಸಿ ವರ್ಷದ ಲೆಕ್ಕ ಹೇಳಿದರೆ ತಪ್ಪುತ್ತೆ ಅಲ್ವಾ, ಅದಕ್ಕೆ.

ಸರ್ವೆ ದಿನ ದಾರಿಯಲ್ಲಿ ವಾಹನ ಎಣಿಸುವ ಸಾಧನ 24 ಗಂಟೆ ಇರುತ್ತೆ. ಸಿಬ್ಬಂದಿ 6 ಗಂಟೆ ನಿಂತು ಹೊರಗೆ ಹೋಗುವವರನ್ನು ಮಾತಾಡಿಸ್ತಾರೆ. ಒಳಗೆ ಬರುವವರನ್ನು ಕೇಳಿ ಪ್ರಯೋಜನ ಇಲ್ಲ, ಅವರಿನ್ನೂ ಏನೂ ನೋಡಿರಲ್ಲ. ಆ ಜಾಗದಿಂದ ಅವತ್ತು ಕೊನೆಯದಾಗಿ ಹೊರಡುತ್ತಿರುವ, ವಿಹಾರಕ್ಕೆ ಬಂದವರ ಉತ್ತರ ಮಾತ್ರ ಲೆಕ್ಕಕ್ಕೆ. ಕೆಲಸಕ್ಕೆ ಬಂದವರು, ಶೌಚಾಲಯಕ್ಕೆ ನಿಲ್ಲಿಸಿದವರು ಸೇರಲ್ಲ.

ಗುಂಪಿನಲ್ಲಿ ಯಾರನ್ನು ಕೇಳೋದು? 16 ವರ್ಷ ದಾಟಿದವರ ಪೈಕಿ ಯಾರ ಹುಟ್ಟುಹಬ್ಬ ಈಚೆಗೆ ಆಯ್ತೋ ಅವರನ್ನು. ಇಲ್ಲದಿದ್ದರೆ ಪ್ರತಿ ಗುಂಪಿನಲ್ಲೂ ಮಾತುಗಾರನೇ ಉತ್ತರ ಕೊಡ್ತಾನೆ.

ಅಂಗಡಿಯವರಿಗೆ ಬೇಕಾದ ಪ್ರಶ್ನೆ

ಒಂದಷ್ಟು ಜನರಿಗೆ ಖರ್ಚಿನ ಪ್ರಶ್ನೆ ಇರುತ್ತೆ: ಈ ಜಾಗದಿಂದ 50 ಮೈಲಿ, ಅಂದರೆ ಸುಮಾರು 80 ಕಿ.ಮೀ. ಒಳಗೆ ನಿಮ್ಮ ಗುಂಪು ಎಷ್ಟು ಖರ್ಚು ಮಾಡಿತು? ವಸತಿ, ಹೋಟೆಲ್ ಊಟ, ದಿನಸಿ, ಪೆಟ್ರೋಲ್, ಶುಲ್ಕ, ನೆನಪಿನ ವಸ್ತು ಅಂತ ಬೇರೆ ಬೇರೆಯಾಗಿ ಕೇಳ್ತಾರೆ. ಹತ್ತಿರದೂರಿನವರು, ದೂರದವರು, ಅವತ್ತೇ ವಾಪಸ್ ಹೋದವರು, ರಾತ್ರಿ ತಂಗಿದವರು ಅಂತ ವಿಂಗಡಣೆಯೂ ಉಂಟು. ಸುಬ್ರಹ್ಮಣ್ಯದಿಂದ ಅಳೆದರೆ ಕಡಬ, ಸುಳ್ಯ, ಪುತ್ತೂರು ಮೂರೂ ಆ 80 ಕಿ.ಮೀ. ಒಳಗೇ ಬರುತ್ತವೆ.

ಇದರಿಂದ ಏನು ತಿಳಿಯುತ್ತೆ? ಜನರ ಸಂಖ್ಯೆ ಮತ್ತು ವ್ಯಾಪಾರ ಒಂದೇ ಅಲ್ಲ. ನೀರು, ಬಿಸ್ಕೆಟ್ ಊರಿಂದಲೇ ಕಟ್ಟಿಕೊಂಡು ಬಸ್ಸಿಳಿದು ಬೆಟ್ಟ ಹತ್ತಿ ವಾಪಸ್ ಹೋಗುವ ಗುಂಪಿಗಿಂತ, ಒಂದು ರಾತ್ರಿ ರೂಮ್ ಮಾಡಿ ಎರಡು ಹೊತ್ತು ಊಟ ಮಾಡುವ ಸಣ್ಣ ಗುಂಪಿನಿಂದ ಊರಿಗೆ ಜಾಸ್ತಿ ಬರಬಹುದು. ಮಿತಿ ಏರಿಸಿ ಅಂತ ಕೇಳುವ ಮೊದಲು ಇದು ಗೊತ್ತಿರಬೇಕು.

ತೃಪ್ತಿ ಅಳೆಯೋದು

ಶೌಚಾಲಯದ ಸ್ವಚ್ಛತೆ, ಪಾರ್ಕಿಂಗ್, ಬೋರ್ಡ್‌ಗಳು, ರಸ್ತೆ, ಕಾಲುದಾರಿ, ಸುರಕ್ಷತೆ, ಕೊಟ್ಟ ದುಡ್ಡಿಗೆ ಸಿಕ್ಕಿದ್ದು: ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಜೊತೆಗೆ, ಅದು ನಿಮಗೆ ಎಷ್ಟು ಮುಖ್ಯ ಅಂತಲೂ ಕೇಳ್ತಾರೆ. ಮುಖ್ಯ, ಆದರೆ ಅಂಕ ಕಮ್ಮಿ ಅಂದರೆ ಮೊದಲು ದುಡ್ಡು ಹಾಕಬೇಕಾದ್ದು ಅಲ್ಲಿ. ಮುಖ್ಯವೇ ಅಲ್ಲ, ಆದರೆ ಅಂಕ ಜಾಸ್ತಿ ಅಂದರೆ ಅಲ್ಲಿ ಅಗತ್ಯಕ್ಕಿಂತ ಹೆಚ್ಚು ಖರ್ಚಾಗ್ತಿರಬಹುದು. ಈ ಜೋಡಿ ಲೆಕ್ಕವನ್ನು 1977ರಲ್ಲಿ ಮಾರ್ಟಿಲ್ಲಾ ಮತ್ತು ಜೇಮ್ಸ್ ಎಂಬವರು ಮಾರಾಟ ಕ್ಷೇತ್ರಕ್ಕಾಗಿ ಪರಿಚಯಿಸಿದ್ದು, ಆಮೇಲೆ ಕಾಡಿಗೂ ಬಂತು. ಜನಜಂಗುಳಿಗೆ ಬೇರೆ ಪ್ರಶ್ನೆ ಇದೆ: 1 ಅಂದರೆ ಯಾರೂ ಇಲ್ಲದ ಹಾಗೆ, 10 ಅಂದರೆ ವಿಪರೀತ ರಶ್.

ಎಲ್ಲಿ ಎಡವಬಹುದು?

ಇಂಥ ಸರ್ವೆಗಳಲ್ಲಿ ಹೆಚ್ಚಿನವರು 'ಚೆನ್ನಾಗಿದೆ' ಅಂತಲೇ ಹೇಳ್ತಾರೆ. ಅದನ್ನೇ ನಂಬಿ ಕೂರುವ ಹಾಗಿಲ್ಲ. ರಶ್ ನೋಡಿ ಬೇಸತ್ತವರು ಮುಂದಿನ ಸಲ ಬರೋದೇ ಇಲ್ಲ, ಬೇರೆ ಬೆಟ್ಟ ಹುಡುಕಿಕೊಳ್ತಾರೆ. ಸರ್ವೆಯವರಿಗೆ ಸಿಗೋದು ರಶ್ ಆದರೂ ಅಡ್ಡಿಯಿಲ್ಲ ಅನ್ನುವವರು ಮಾತ್ರ. ಹೀಗಾಗಿ ಜಾಗ ಹಾಳಾಗುತ್ತಿದ್ದರೂ ತೃಪ್ತಿಯ ಅಂಕ ಇಳಿಯದೇ ಇರಬಹುದು. ಸಂಶೋಧಕರು ಇದನ್ನು ಮೊದಲಿನಿಂದಲೂ ಎಚ್ಚರಿಸ್ತಾ ಬಂದಿದ್ದಾರೆ. ಇನ್ನೊಂದು ಮಿತಿ: ಈ ಸರ್ವೆ ಇಡೀ ಅರಣ್ಯದ ಅಂದಾಜಿಗೆ ಮಾಡಿದ್ದು, ಒಂದೇ ಕಾಲುದಾರಿಯ ನಿಖರ ಲೆಕ್ಕ ಅದರಲ್ಲಿ ಸಿಗಲ್ಲ.

ಯಾರಾದರೂ ಅಂಕಿ ಹೇಳಿದರೆ ಕೇಳಬೇಕಾದ್ದು

- ಎಣಿಸಿದ್ದು ಯಾವ ದಿನ? ರಜೆ ದಿನ ಮಾತ್ರವಾ, ವಾರದ ದಿನವೂ ಸೇರಿತ್ತಾ?
- ಕೇಳಿದ್ದು ಹತ್ತುವಾಗಲಾ, ಇಳಿದ ಮೇಲಾ?
- ಖರ್ಚು ತಲೆಗೆ ಎಷ್ಟು ಅಂತಲಾ, ಗುಂಪಿಗೆ ಎಷ್ಟು ಅಂತಲಾ?
- ದೇವಸ್ಥಾನಕ್ಕೆ ಬಂದವರನ್ನೂ ಚಾರಣಿಗರ ಲೆಕ್ಕಕ್ಕೆ ಸೇರಿಸಿದ್ದಾರಾ?
- ಬರೋದು ಬಿಟ್ಟವರನ್ನು ಯಾರಾದರೂ ಕೇಳಿದ್ದಾರಾ?

ಇದರಲ್ಲಿ ಸ್ವಲ್ಪ ಕೆಲಸ ಅಂಗಡಿಯಲ್ಲೇ ಆಗುತ್ತೆ. ತಾರೀಖು, ಗುಂಪಿನಲ್ಲಿ ಎಷ್ಟು ಜನ, ತಂಗಿದರಾ ಇಲ್ವಾ, ಏನು ತಗೊಂಡರು ಅಂತ ಒಂದು ಪುಸ್ತಕದಲ್ಲಿ ಒಂದು ಸೀಸನ್ ಬರೆದಿಟ್ಟರೆ ಸಾಕು. ನಾಳೆ 300ರ ಮಿತಿ ಬಗ್ಗೆ ಸಭೆ ನಡೆದರೆ, ಅಧಿಕಾರಿಗಳ ಮುಂದೆ ಇಡೋದಕ್ಕೆ ನಿಮ್ಮ ಕೈಯಲ್ಲೂ ಒಂದು ಲೆಕ್ಕ ಇರುತ್ತೆ.