ಬಿಟ್ಟ ಸ್ಥಳ ತುಂಬುವ ಗದ್ಯಭಾಗಗಳ ಮೂಲಕ ಇಂಗ್ಲಿಷ್ ಪದಸಂಪತ್ತು ಹಾಗೂ ವ್ಯಾಕರಣದ ಅಭ್ಯಾಸ: ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಸರ್ಕಾರಿ ಹಾಗೂ ಬ್ಯಾಂಕ್ ಹುದ್ದೆಗಳ ನೇಮಕಾತಿ ಪರೀಕ್ಷೆಗಳಲ್ಲಿ ಇಂಗ್ಲಿಷ್ ಭಾಷಾಜ್ಞಾನವನ್ನು ಅಳೆಯಲು ಬಳಸುವ ವಿಧಾನಗಳಲ್ಲಿ ಬಿಟ್ಟ ಸ್ಥಳಗಳುಳ್ಳ ಗದ್ಯಭಾಗವೂ ಒಂದಾಗಿದೆ. ಇದನ್ನು ಕ್ಲೋಜ್ ಟೆಸ್ಟ್ ಎಂದು ಕರೆಯಲಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದ ಅಭ್ಯರ್ಥಿಗಳು ಈ ಭಾಗದಲ್ಲಿ ಅಂಕ ಕಳೆದುಕೊಳ್ಳಲು ಬುದ್ಧಿಶಕ್ತಿಯ ಕೊರತೆ ಕಾರಣವಲ್ಲ. ಎರಡು ಭಾಷೆಗಳ ರಚನೆಯಲ್ಲಿರುವ ವ್ಯತ್ಯಾಸವು ಬಹುಪಾಲು ಕಾರಣವಾಗಿರುತ್ತದೆ. ಸದರಿ ವ್ಯತ್ಯಾಸಗಳನ್ನು ಅರಿತು ಕ್ರಮಬದ್ಧವಾಗಿ ಅಭ್ಯಾಸ ಮಾಡಿದಲ್ಲಿ ಈ ತೊಡಕನ್ನು ನಿವಾರಿಸಿಕೊಳ್ಳಬಹುದಾಗಿದೆ.

2. ಹಿನ್ನೆಲೆ

ಅಪೂರ್ಣ ಪಠ್ಯವನ್ನು ಪೂರ್ಣಗೊಳಿಸುವ ಪರೀಕ್ಷೆಯನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅವರು 1897ರಲ್ಲಿಯೇ ಶಾಲಾ ಮಕ್ಕಳ ಮೇಲೆ ಪ್ರಯೋಗಿಸಿದ್ದರು. 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಅವರು ಪಠ್ಯವೊಂದು ಓದುಗರಿಗೆ ಎಷ್ಟು ಸುಲಭವೆಂದು ಅಳೆಯುವ ಸಲುವಾಗಿ, ನಿಯತ ಅಂತರದಲ್ಲಿ ಪದಗಳನ್ನು ತೆಗೆದುಹಾಕುವ ವಿಧಾನವನ್ನು ರೂಪಿಸಿ ಅದಕ್ಕೆ ಕ್ಲೋಜ್ ಎಂಬ ಹೆಸರನ್ನಿತ್ತರು. ಅಪೂರ್ಣವಾದುದನ್ನು ಮನಸ್ಸು ತಾನಾಗಿಯೇ ಪೂರ್ಣಗೊಳಿಸುತ್ತದೆ ಎಂಬ ತತ್ತ್ವವೇ ಈ ಹೆಸರಿನ ಮೂಲ. ಕಾಲಕ್ರಮೇಣ ಇದು ಭಾಷಾಕಲಿಕೆಯ ಸಾಧನವಾಗಿ ಬಳಕೆಗೆ ಬಂದಿತು.

3. ಯಾವ ಪರೀಕ್ಷೆಗಳಿಗೆ ಉಪಯುಕ್ತ

ಅ) ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆ: 300 ಅಂಕಗಳ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ ಪದಬಳಕೆಯ ಪ್ರಶ್ನೆಗಳಿರುತ್ತವೆ. ಇದು ಅರ್ಹತಾ ಪತ್ರಿಕೆಯಾಗಿದ್ದು, ಕನಿಷ್ಠ ಶೇ. 25 ಅಂಕ ಗಳಿಸಬೇಕು. ಇದರಲ್ಲಿ ಅನುತ್ತೀರ್ಣರಾದಲ್ಲಿ, ಅಭ್ಯರ್ಥಿಯು ಉಳಿದ ಪತ್ರಿಕೆಗಳನ್ನು ಕನ್ನಡದಲ್ಲಿ ಎಷ್ಟೇ ಉತ್ತಮವಾಗಿ ಬರೆದಿದ್ದರೂ ಆ ಅಂಕಗಳನ್ನು ಪರಿಗಣಿಸಲಾಗುವುದಿಲ್ಲ.

ಆ) ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ಸ್ ಮುಖ್ಯ ಪರೀಕ್ಷೆ: ಕನ್ನಡ ಮತ್ತು ಇಂಗ್ಲಿಷ್ ತಲಾ 150 ಅಂಕಗಳ ಅರ್ಹತಾ ಪತ್ರಿಕೆಗಳಾಗಿದ್ದು, ಕನಿಷ್ಠ ಶೇ. 35 ಅಂಕ ಅಗತ್ಯ.

ಇ) ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಪರೀಕ್ಷೆಯ ಮೊದಲ ಹಂತ: ಇಂಗ್ಲಿಷ್ ವಿಭಾಗದಲ್ಲಿ 25 ಪ್ರಶ್ನೆಗಳಿಗೆ 50 ಅಂಕಗಳು. ಪ್ರತಿ ತಪ್ಪು ಉತ್ತರಕ್ಕೆ 0.50 ಅಂಕ ಕಳೆಯಲಾಗುತ್ತದೆ.

ಈ) ಐಬಿಪಿಎಸ್ ಮೂಲಕ ನಡೆಯುವ ಬ್ಯಾಂಕ್ ಗುಮಾಸ್ತ ಹುದ್ದೆಗಳ ಪೂರ್ವಭಾವಿ ಪರೀಕ್ಷೆ: ಇಂಗ್ಲಿಷ್ ವಿಭಾಗದ 30 ಪ್ರಶ್ನೆಗಳಿಗೆ 20 ನಿಮಿಷಗಳು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ನಾಲ್ಕನೇ ಒಂದು ಭಾಗ ಕಡಿತ.

ಉ) ವಿದೇಶ ವ್ಯಾಸಂಗಕ್ಕೆ ಬರೆಯುವ ಐಇಎಲ್‌ಟಿಎಸ್ ಪರೀಕ್ಷೆ: ಸಾರಾಂಶದಲ್ಲಿನ ಖಾಲಿ ಜಾಗಗಳನ್ನು ತುಂಬುವ ಪ್ರಶ್ನೆಗಳಿರುತ್ತವೆ. ಸೂಚಿಸಿದ ಪದಮಿತಿ ಮೀರಿದ ಉತ್ತರಕ್ಕೆ ಅಂಕವಿಲ್ಲ.

4. ಗದ್ಯಭಾಗಗಳ ವಿಧಗಳು

ಮೊದಲನೆಯದು, ನಾಲ್ಕೈದು ಆಯ್ಕೆಗಳನ್ನು ಕೊಟ್ಟಿರುವ ವಿಧ. ಇದು ಮುಖ್ಯವಾಗಿ ಪದಗಳ ಅರ್ಥವ್ಯತ್ಯಾಸವನ್ನು ಪರೀಕ್ಷಿಸುತ್ತದೆ. ಎರಡನೆಯದು, ಆಯ್ಕೆಗಳಿಲ್ಲದ ವಿಧ. ಇಲ್ಲಿ ಆರ್ಟಿಕಲ್, ಪ್ರಿಪೊಸಿಷನ್, ಸಹಾಯಕ ಕ್ರಿಯಾಪದ ಮುಂತಾದ ಸಣ್ಣ ಪದಗಳೇ ಹೆಚ್ಚಾಗಿ ಬಿಟ್ಟುಹೋಗಿರುತ್ತವೆ. ಮೂರನೆಯದು, ಮೂಲಪದವನ್ನು ಕೊಟ್ಟು ಅದರ ಸರಿಯಾದ ರೂಪವನ್ನು ಬರೆಯಿಸುವ ವಿಧ. ಉದಾಹರಣೆಗೆ, ‘ಡಿಸೈಡ್’ ಪದದಿಂದ ‘ಡಿಸಿಷನ್’. ಅಭ್ಯರ್ಥಿಗಳು ತಮ್ಮ ಪರೀಕ್ಷೆಯಲ್ಲಿ ಯಾವ ವಿಧ ಬರುತ್ತದೆ ಎಂಬುದನ್ನು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಿಂದ ತಿಳಿದುಕೊಳ್ಳತಕ್ಕದ್ದು.

5. ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಅಂಶಗಳು

ಅ) ‘ಇಂದ’ ಪ್ರತ್ಯಯ: ಕನ್ನಡದ ಈ ಒಂದೇ ಪ್ರತ್ಯಯಕ್ಕೆ ಇಂಗ್ಲಿಷಿನಲ್ಲಿ ಹಲವು ಪದಗಳಿವೆ. ‘ಮೈಸೂರಿನಿಂದ’ ಎಂಬುದಕ್ಕೆ ಫ್ರಮ್, ‘ಚಾಕುವಿನಿಂದ’ ಎಂಬುದಕ್ಕೆ ವಿತ್, ‘ಬೆಳಿಗ್ಗೆಯಿಂದ’ ಎಂಬುದಕ್ಕೆ ಸಿನ್ಸ್, ‘ಎರಡು ಗಂಟೆಗಳಿಂದ’ ಎಂಬುದಕ್ಕೆ ಫಾರ್ ಬಳಸಬೇಕು. ಕಾಲದ ಆರಂಭಬಿಂದುವಿಗೆ ಸಿನ್ಸ್, ಕಾಲದ ಅಳತೆಗೆ ಫಾರ್ ಎಂಬುದನ್ನು ನೆನಪಿಡತಕ್ಕದ್ದು.

ಆ) ‘ಅಲ್ಲಿ’ ಪ್ರತ್ಯಯ: ‘ಬೆಂಗಳೂರಿನಲ್ಲಿ’ ಎನ್ನಲು ಇನ್, ‘ಬಸ್ ನಿಲ್ದಾಣದಲ್ಲಿ’ ಎನ್ನಲು ಅಟ್, ‘ಬಸ್ಸಿನಲ್ಲಿ’ ಎನ್ನಲು ಆನ್ ರೂಢಿಯಲ್ಲಿದೆ. ಇಲ್ಲಿ ಅನುವಾದವು ನೆರವಾಗದು. ಇಡೀ ಪದಗುಚ್ಛವನ್ನೇ ಕಲಿಯಬೇಕು.

ಇ) ಆರ್ಟಿಕಲ್: ಕನ್ನಡದಲ್ಲಿ ಇದಕ್ಕೆ ಸಮನಾದ ವ್ಯವಸ್ಥೆ ಇಲ್ಲದ ಕಾರಣ ಎ, ಆ್ಯನ್ ಮತ್ತು ದಿ ಪದಗಳು ಕಣ್ತಪ್ಪುತ್ತವೆ. ಎ ಮತ್ತು ಆ್ಯನ್ ಆಯ್ಕೆಯು ಅಕ್ಷರವನ್ನಲ್ಲ, ಉಚ್ಚಾರಣೆಯನ್ನು ಅವಲಂಬಿಸಿದೆ. ಆದ್ದರಿಂದ ‘ಆ್ಯನ್ ಅವರ್’ ಮತ್ತು ‘ಎ ಯೂನಿವರ್ಸಿಟಿ’ ಸರಿಯಾದ ರೂಪಗಳು.

ಈ) ಕಾಲಸೂಚಕ ರೂಪಗಳು: ‘ಹತ್ತು ವರ್ಷಗಳಿಂದ ವಾಸಿಸುತ್ತಿದ್ದೇನೆ’ ಎಂದು ಕನ್ನಡದಲ್ಲಿ ವರ್ತಮಾನ ರೂಪದಲ್ಲಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಆಮ್ ಲಿವಿಂಗ್’ ಎನ್ನದೆ ‘ಹ್ಯಾವ್ ಬೀನ್ ಲಿವಿಂಗ್’ ಎನ್ನಬೇಕು.

ಉ) ಹೆಚ್ಚುವರಿ ಪದಗಳು: ‘ವಿಷಯದ ಬಗ್ಗೆ ಚರ್ಚಿಸು’ ಎಂಬ ಅಭ್ಯಾಸದಿಂದ ‘ಡಿಸ್ಕಸ್’ ನಂತರ ‘ಅಬೌಟ್’ ಸೇರಿಸುವುದು, ‘ಆಲ್ದೋ’ ಇರುವ ವಾಕ್ಯದಲ್ಲಿ ಮತ್ತೆ ‘ಬಟ್’ ಬಳಸುವುದು ತಪ್ಪು.

6. ಮಾದರಿ ಗದ್ಯಭಾಗ

(ಓದುಗರ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ನೀಡಲಾಗಿದೆ.)

ಲಕ್ಷ್ಮಿ ಹ್ಯಾಸ್ ಲಿವ್ಡ್ ಇನ್ ಹಾಸನ್ ..(1).. ಟೆನ್ ಇಯರ್ಸ್. ಎವೆರಿ ಮಾರ್ನಿಂಗ್ ಶಿ ..(2).. ಟು ದಿ ಲೈಬ್ರರಿ ಬೈ ಬಸ್. ..(3).. ದಿ ಬಸ್ ಈಸ್ ಆಫನ್ ಲೇಟ್, ಶಿ ನೆವರ್ ಮಿಸಸ್ ಎ ಡೇ. ಲಾಸ್ಟ್ ವೀಕ್ ಶಿ ಬಾರೋಡ್ ..(4).. ಓಲ್ಡ್ ಗ್ರಾಮರ್ ಬುಕ್, ಆ್ಯಂಡ್ ಶಿ ಈಸ್ ಲುಕಿಂಗ್ ಫಾರ್ವರ್ಡ್ ಟು ..(5).. ಇಟ್.

ಉತ್ತರಗಳು ಮತ್ತು ಕಾರಣಗಳು:
(1) ಫಾರ್ – ಹತ್ತು ವರ್ಷ ಎಂಬುದು ಕಾಲದ ಅಳತೆ.
(2) ಗೋಸ್ – ನಿತ್ಯದ ರೂಢಿ. ಕರ್ತೃಪದ ಏಕವಚನ ಪ್ರಥಮ ಪುರುಷ. ‘ಟ್ರಾವೆಲ್ಸ್’ ಸಹ ಒಪ್ಪತಕ್ಕದ್ದು.
(3) ಆಲ್ದೋ – ಎರಡು ಭಾಗಗಳ ಅರ್ಥ ಪರಸ್ಪರ ವಿರುದ್ಧವಾಗಿದೆ. ‘ದೋ’ ಸಹ ಸರಿ.
(4) ಆ್ಯನ್ – ಪುಸ್ತಕದ ಪ್ರಸ್ತಾಪ ಮೊದಲ ಬಾರಿಗೆ ಬಂದಿದೆ. ಮುಂದಿನ ಪದ ಸ್ವರದಿಂದ ಆರಂಭವಾಗುತ್ತದೆ.
(5) ರೀಡಿಂಗ್ – ಈ ಪದಗುಚ್ಛದ ‘ಟು’ ಪ್ರಿಪೊಸಿಷನ್ ಆಗಿರುವುದರಿಂದ ‘ರೀಡ್’ ಬರುವುದಿಲ್ಲ.

7. ಅಭ್ಯಾಸದ ಕ್ರಮ

ಅ) ಮೊದಲು ಯಾವುದೇ ಸ್ಥಳವನ್ನು ತುಂಬದೆ ಇಡೀ ಗದ್ಯಭಾಗವನ್ನು ಒಮ್ಮೆ ಓದಿ ವಿಷಯವನ್ನು ಗ್ರಹಿಸುವುದು.
ಆ) ಖಾಲಿ ಜಾಗದ ಹಿಂದಿನ ಮತ್ತು ಮುಂದಿನ ಪದಗಳನ್ನು ನೋಡಿ, ಅಲ್ಲಿ ನಾಮಪದ ಬೇಕೋ ಕ್ರಿಯಾಪದ ಬೇಕೋ ನಿರ್ಧರಿಸುವುದು.
ಇ) ಆಯ್ಕೆಗಳನ್ನು ನೋಡುವ ಮುನ್ನ ಸ್ವಂತ ಉತ್ತರವೊಂದನ್ನು ಊಹಿಸುವುದು.
ಈ) ಸುಲಭವಾದವುಗಳನ್ನು ಮೊದಲು ತುಂಬಿ, ಕಠಿಣವಾದವುಗಳಿಗೆ ನಂತರ ಮರಳುವುದು.
ಉ) ಕೊನೆಗೆ ಪೂರ್ಣ ಗದ್ಯಭಾಗವನ್ನು ಮತ್ತೊಮ್ಮೆ ಓದಿ ಅರ್ಥ ಕೂಡಿಬರುವುದನ್ನು ಖಚಿತಪಡಿಸಿಕೊಳ್ಳುವುದು.
ಊ) ತಪ್ಪಾದ ಪ್ರತಿ ಉತ್ತರವನ್ನು ಕಾರಣಸಹಿತ ಪುಸ್ತಕದಲ್ಲಿ ದಾಖಲಿಸುವುದು. ಉತ್ತರವನ್ನು ಮಾತ್ರ ಬರೆದುಕೊಂಡಲ್ಲಿ ಅದೇ ತಪ್ಪು ಮರುಕಳಿಸುವ ಸಂಭವವಿರುತ್ತದೆ.

8. ಖರ್ಚಿಲ್ಲದ ಅಭ್ಯಾಸ

ಸಾರ್ವಜನಿಕ ಗ್ರಂಥಾಲಯ ಅಥವಾ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ದೊರೆಯುವ ಇಂಗ್ಲಿಷ್ ದಿನಪತ್ರಿಕೆಯಿಂದ ಸುಮಾರು 150 ಪದಗಳ ಭಾಗವೊಂದನ್ನು ನಕಲು ಮಾಡಿಕೊಳ್ಳುವುದು. ಮೊದಲ ವಾಕ್ಯವನ್ನು ಹಾಗೆಯೇ ಉಳಿಸಿ, ಅನಂತರ ಪ್ರತಿ ಏಳನೇ ಪದವನ್ನು ಬಿಟ್ಟು ಬರೆಯುವುದು. ಮೂಲವನ್ನು ಎತ್ತಿಟ್ಟು ಎರಡು ದಿನಗಳ ನಂತರ ಖಾಲಿ ಜಾಗಗಳನ್ನು ತುಂಬಿ ಹೋಲಿಸಿ ನೋಡುವುದು. ಇಬ್ಬರು ಅಭ್ಯರ್ಥಿಗಳು ಪರಸ್ಪರ ಸಿದ್ಧಪಡಿಸಿಕೊಟ್ಟಲ್ಲಿ ಇನ್ನೂ ಉತ್ತಮ. ಮೂಲದಲ್ಲಿರುವ ಪದವೇ ಬರಬೇಕೆಂದಿಲ್ಲ. ಅರ್ಥ ಮತ್ತು ವ್ಯಾಕರಣಕ್ಕೆ ಹೊಂದುವ ಪದವನ್ನು ಸರಿಯೆಂದು ಪರಿಗಣಿಸಬಹುದು.

9. ಋಣಾತ್ಮಕ ಅಂಕಗಳ ಲೆಕ್ಕಾಚಾರ

ಐದು ಆಯ್ಕೆಗಳಿದ್ದು, ತಪ್ಪಿಗೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ ಐದು ಪ್ರಶ್ನೆಗಳಿಗೆ ಕುರುಡಾಗಿ ಉತ್ತರಿಸಿದಲ್ಲಿ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ನಿವ್ವಳ ಲಾಭ ಸೊನ್ನೆ. ಪ್ರತಿ ಪ್ರಶ್ನೆಯಲ್ಲಿ ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದಲ್ಲಿ, ಮೂರು ಪ್ರಶ್ನೆಗಳಿಗೆ ಒಂದು ಸರಿ, ಎರಡು ತಪ್ಪು. ನಿವ್ವಳ ಅರ್ಧ ಅಂಕ ಲಾಭ. ಆದುದರಿಂದ ವ್ಯಾಕರಣಕ್ಕೆ ಹೊಂದದ ಆಯ್ಕೆಗಳನ್ನು ಮೊದಲು ಕೈಬಿಡುವ ಅಭ್ಯಾಸವು ನೇರವಾಗಿ ಅಂಕ ತರುತ್ತದೆ.

10. ಅಭ್ಯರ್ಥಿಗಳ ಗಮನಕ್ಕೆ

ಪರೀಕ್ಷಾ ಮಾದರಿ, ಅಂಕಗಳು ಹಾಗೂ ಅವಧಿಯನ್ನು ಸಂಬಂಧಪಟ್ಟ ಆಯೋಗದ ಅಧಿಸೂಚನೆಯಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು. ವ್ಯತ್ಯಾಸ ಕಂಡುಬಂದಲ್ಲಿ ಅಧಿಸೂಚನೆಯೇ ಅಂತಿಮ. ಅರ್ಹತಾ ಪತ್ರಿಕೆಯ ಅಂಕಗಳು ಆಯ್ಕೆಪಟ್ಟಿಗೆ ಸೇರುವುದಿಲ್ಲವೆಂಬ ಕಾರಣಕ್ಕೆ ಅದನ್ನು ಕಡೆಗಣಿಸಬಾರದು. ಪರೀಕ್ಷೆಗೆ ಮುಂಚಿನ ವಾರದಲ್ಲಿ ಹತ್ತು ಗದ್ಯಭಾಗಗಳನ್ನು ಒಟ್ಟಿಗೆ ಮಾಡುವುದಕ್ಕಿಂತ, ಆರು ತಿಂಗಳ ಕಾಲ ದಿನಕ್ಕೊಂದರಂತೆ ಮಾಡುವುದು ಹೆಚ್ಚು ಫಲಪ್ರದವಾಗಿರುತ್ತದೆ.