ಹುಲ್ಲಲ್ಲಿ ಬೆಳೆದ ಅಣಬೆ, ಡಬ್ಬಿ ಸೇರಿದ ಅಣಬೆ

ನಮ್ಮ ಪುಟ್ಟೇನಹಳ್ಳಿ ಕಡೆ ತರಕಾರಿ ಅಂಗಡೀಲಿ ಈಗ ಅಣಬೆ ಪೊಟ್ಟಣ ಕೊತ್ತಂಬರಿ ಕಟ್ಟಿನ ಪಕ್ಕದಲ್ಲೇ ಕೂತಿರತ್ತೆ. ಅಣಬೆ ಪುಡಿಯಾಗಿ ಡಬ್ಬಿಗೆ ಸೇರಿದ್ರೆ ಮಾತ್ರ ಬೆಲೆಯೇ ಬೇರೆ, ಮೇಲೆ 'ರೋಗನಿರೋಧಕ ಶಕ್ತಿ' ಅನ್ನೋ ಚೀಟಿ ಬೇರೆ. ಕ್ಯಾನ್ಸರ್ ಚಿಕಿತ್ಸೆ ನಡೀತಿರೋ ಮನೆಗೆ ನೆಂಟರು ಪ್ರೀತಿಯಿಂದ ಅದನ್ನೇ ತಂದುಕೊಡ್ತಾರೆ. ಈ ಮಾತು ಹುಟ್ಟಿದ್ದು ಎಲ್ಲಿ ಅಂತ ತಿಳ್ಕೊಂಡಿದ್ರೆ ಒಳ್ಳೇದು.

ಮೊದಲು ಅಣಬೆ ಅಂದ್ರೆ ಮಳೆ ಬಿದ್ದ ಮೇಲೆ ಹುತ್ತದ ಹತ್ರ ಏಳೋದು. ಗುರುತಿದ್ದೋರು ಕಿತ್ತು ಸಾರು ಮಾಡ್ತಿದ್ರು. ಎಷ್ಟೋ ಮನೇಲಿ ಅದು ನಾಯಿಕೊಡೆ, ಹೊಸಿಲು ದಾಟೋ ಹಾಗಿಲ್ಲ. ಅದನ್ನ ಬೆಳೆ ಮಾಡಿದ್ರಲ್ಲಿ ಮೈಸೂರಿನ ಪಾಲು ದೊಡ್ಡದು. 1950ರಲ್ಲಿ ಚೆಲುವಾಂಬ ಅರಮನೇಲಿ ಶುರುವಾದ ಸಿಎಫ್‌ಟಿಆರ್‌ಐನಲ್ಲಿ ಬಾನೋ ಮತ್ತು ಶ್ರೀವಾಸ್ತವ ಅನ್ನೋ ವಿಜ್ಞಾನಿಗಳು ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆದು, 1962ರಲ್ಲಿ ಆ ಕ್ರಮ ಪ್ರಕಟಿಸಿದ್ರು. ಹುಲ್ಲು ನೆನೆಸಿ, ಬೇಯಿಸಿ, ನೀರು ಬಸಿದು, ಚೀಲದಲ್ಲಿ ಪದರ ಪದರವಾಗಿ ಬೀಜ ಉದುರಿಸಿ ಕತ್ತಲಲ್ಲಿ ಇಟ್ರೆ ಆಯ್ತು. ಕೆಲವು ವಾರಕ್ಕೆ ಹುಲ್ಲೆಲ್ಲ ಬೆಳ್ಳಗಾಗತ್ತೆ. ಆಮೇಲೆ ಗಾಳಿ, ತೇವ ಕೊಟ್ರೆ ಅಣಬೆ ಮೂಡತ್ತೆ. ದನ ತಿನ್ನೋ ಹುಲ್ಲಲ್ಲಿ ನಮ್ಮ ಊಟ! ನಮ್ಮೂರೋರಿಗೆ ಬೀಜ, ತರಬೇತಿ ಎರಡೂ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೇಲಿ ಸಿಗತ್ತೆ.

ಔಷಧಿ ಮಾತು ಬಂದಿದ್ದು ಜಪಾನಿಂದ. 1969ರಲ್ಲಿ ಗೋರೊ ಚಿಹಾರಾ ತಂಡದೋರು ಶಿಟಾಕೆ ಅಣಬೆಯನ್ನ ಬಿಸಿನೀರಲ್ಲಿ ಕುದಿಸಿ ಲೆಂಟಿನಾನ್ ಅನ್ನೋ ಬೀಟಾ-ಗ್ಲುಕಾನ್ ತೆಗೆದ್ರು. ಇಲಿಗಳಲ್ಲಿ ಗೆಡ್ಡೆ ಕರಗಿತು. ಮುಂದೆ ಜಪಾನಲ್ಲಿ ಹೊಟ್ಟೆ ಕ್ಯಾನ್ಸರಿಗೆ ಅದಕ್ಕೆ ಅನುಮತಿನೂ ಸಿಕ್ತು. ಆದ್ರೆ ಹೇಗೆ? ಇಂಜೆಕ್ಷನ್ ಆಗಿ, ಅದೂ ಕೀಮೋ ಔಷಧಿ ಜೊತೆಗೆ. ಡಬ್ಬಿ ಮಾರೋರು ಈ ಎರಡು ವಿಷಯ ಹೇಳೋದೇ ಇಲ್ಲ, ನನಗೆ ಸಿಟ್ಟು ಬರೋದು ಅಲ್ಲೇ.

ಬೀಟಾ-ಗ್ಲುಕಾನ್ ಅಂದ್ರೆ ಅಣಬೆ ಜೀವಕೋಶದ ಗೋಡೆಯ ಇಟ್ಟಿಗೆ ಅನ್ನಿ. ನಮ್ಮ ಬಿಳಿ ರಕ್ತಕಣಗಳಿಗೆ ಅದು ಹೊರಗಿನೋರ ಗುರುತು. ಆ ಗುರುತು ಹಿಡಿಯೋದು ಡೆಕ್ಟಿನ್-1 ಅನ್ನೋ ಪ್ರೋಟೀನು ಅಂತ 2001ರಲ್ಲಿ ಗೊತ್ತಾಯ್ತು. ಅಂದ್ರೆ ಪೂರ್ತಿ ಸುಳ್ಳಲ್ಲ. ಆದ್ರೆ ತಿಂದಾಗ ನಮ್ಮ ಜೀರ್ಣರಸಕ್ಕೆ ಅದು ಕರಗಲ್ಲ, ನಾರಿನ ಹಾಗೇ ಮುಂದೆ ಹೋಗತ್ತೆ. ರಕ್ತಕ್ಕೆ ಚುಚ್ಚಿದ್ದೂ ಪಲ್ಯ ತಿಂದಿದ್ದೂ ಒಂದೇ ಲೆಕ್ಕ ಅಲ್ಲ.

ಕಿಡ್ನಿ ಕಸಿ ಆದೋರಿಗಂತೂ ರೋಗನಿರೋಧಕ ಶಕ್ತಿ ತಗ್ಗಿಸೋಕೇ ದಿನಾ ಮಾತ್ರೆ ಕೊಡ್ತಿರ್ತಾರೆ. ಅಂಥೋರು, ಕೀಮೋ ತಗೊಳ್ತಿರೋರು, ಡಾಕ್ಟರನ್ನ ಕೇಳದೆ ಡಬ್ಬಿ ಮುಚ್ಚಳ ತೆಗೀಬಾರದು.

ಪಲ್ಯಕ್ಕೆ ಅಡ್ಡಿ ಇಲ್ಲ. ಹೆಚ್ಚಿದ ಅಣಬೆ ಸ್ವಲ್ಪ ಹೊತ್ತು ಬಿಸಿಲಲ್ಲಿಟ್ರೆ ವಿಟಮಿನ್ ಡಿ ಕೂಡತ್ತೆ. ಆಮೇಲೆ ಬೆಳ್ಳುಳ್ಳಿ, ಕರಿಮೆಣಸು ಹಾಕಿ ಚೆನ್ನಾಗಿ ಬೇಯಿಸಿ. ಹಸಿಯಾಗಿ ಮಾತ್ರ ಬೇಡ.