ಲಾಳಿಕೆಯಲ್ಲಿ ಸುರಿಯಲಾಗದ ವಿದ್ಯೆ

ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ 1647ರಲ್ಲಿ ಒಂದು ಪುಸ್ತಕ ಅಚ್ಚಾಯಿತು. ಹಾರ್ಸ್‌ಡೋರ್ಫರ್ ಎಂಬ ಕವಿ ಬರೆದ ಆ ಪುಸ್ತಕದ ಹೆಸರೇ 'ಕಾವ್ಯದ ಲಾಳಿಕೆ'. ಜರ್ಮನ್ ಕಾವ್ಯಕಲೆಯನ್ನು ಆರು ಗಂಟೆಗಳಲ್ಲಿ ಓದುಗನ ತಲೆಗೆ ಸುರಿಯುವುದಾಗಿ ಅದು ಹೇಳಿಕೊಂಡಿತ್ತು; ಬಾಟಲಿಗೆ ಸೀಮೆಎಣ್ಣೆ ಸುರಿದಷ್ಟು ಸಲೀಸಾಗಿ! ಕಲಿಯುವವನು ಏನೂ ಮಾಡದೆಯೇ ವಿದ್ಯೆ ಬಂದುಬಿಡುತ್ತದೆಂಬ ಭ್ರಮೆಗೆ ಜರ್ಮನರು ಇಂದಿಗೂ 'ನ್ಯೂರೆಂಬರ್ಗ್ ಲಾಳಿಕೆ' ಎಂದೇ ಹೆಸರಿಟ್ಟಿದ್ದಾರೆ.

ಮೂರೂವರೆ ಶತಮಾನಗಳ ಬಳಿಕ, 1990ರಲ್ಲಿ, ಅಮೆರಿಕದ ಜಾನ್ ಕ್ಯಾರೊಲ್ ಇದೇ ಹೆಸರನ್ನು ತಮ್ಮ ಪುಸ್ತಕಕ್ಕೆ ಇಟ್ಟರು. ಅದರ ವಿಷಯ ಕಾವ್ಯವಲ್ಲ, ಕಂಪ್ಯೂಟರ್ ಕೈಪಿಡಿ.

ಕೈಪಿಡಿಗಳಿಗೆ ಮೊದಲು ಇಂಥ ಕಷ್ಟ ಇರಲಿಲ್ಲ. ಬೆಲ್ ಪ್ರಯೋಗಾಲಯದಲ್ಲಿ 1971ರಲ್ಲಿ ಸಿದ್ಧವಾದ ಯೂನಿಕ್ಸ್ ಕೈಪಿಡಿಯನ್ನು ಬರೆದವರೂ ಓದಿದವರೂ ಒಂದೇ ಕಸುಬಿನವರು. ತಂತ್ರಾಂಶದ ದೋಷಗಳನ್ನು 'ಬಗ್ಸ್' ಎಂಬ ಶೀರ್ಷಿಕೆಯಡಿ ಬಿಚ್ಚಿ ಹೇಳುವ ಪ್ರಾಮಾಣಿಕತೆಯೂ ಅದರಲ್ಲಿತ್ತು. ಮುಂದಿನ ಕೈಪಿಡಿಗಳು ಈ ಒಳ್ಳೆಯ ರೂಢಿಯನ್ನು ಅಷ್ಟಾಗಿ ಉಳಿಸಿಕೊಳ್ಳಲಿಲ್ಲವೆಂಬುದು ಬೇರೆ ಮಾತು.

ಐಬಿಎಂ ಸಂಸ್ಥೆ 1980ರಲ್ಲಿ 'ಡಿಸ್‌ಪ್ಲೇರೈಟರ್' ಎಂಬ ಪದಸಂಸ್ಕಾರಕ ಯಂತ್ರವನ್ನು ಹೊರತಂದಿತು. ಇದು ಎಂಜಿನಿಯರರಿಗಾಗಿ ಮಾಡಿದ್ದಲ್ಲ, ಕಚೇರಿಯ ಬೆರಳಚ್ಚುಗಾರರಿಗಾಗಿ. ಅದೇ ಸಂಸ್ಥೆಯ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿದ್ದ ಕ್ಯಾರೊಲ್ ಮತ್ತು ಸಂಗಡಿಗರು ಕಚೇರಿ ಕೆಲಸದವರನ್ನು ಕರೆಸಿ, ಕೈಪಿಡಿಯನ್ನು ಮುಂದಿಟ್ಟು, ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತ ಕಲಿಯಲು ತಿಳಿಸಿದರು.

ಕಂಡದ್ದು ವಿಚಿತ್ರ. ಯಾರೂ ಕೈಪಿಡಿಯನ್ನು ಕ್ರಮವಾಗಿ ಓದಲಿಲ್ಲ. ಪೀಠಿಕೆಯನ್ನು ಹಾರಿಸಿ, ಕಂಡ ಕೀಲಿ ಒತ್ತಿ, ಎಲ್ಲೋ ಸಿಕ್ಕಿಕೊಂಡ ಮೇಲೆ ಪುಸ್ತಕದತ್ತ ತಿರುಗುತ್ತಿದ್ದರು. ಅಲ್ಲಿ ಬರೀ ವಿವರಣೆಗೆಂದು ಬರೆದ ಸಾಲನ್ನೂ 'ಹೀಗೆ ಮಾಡಿ' ಎಂಬ ಸೂಚನೆಯೆಂದು ತಿಳಿದು ಮಾಡಿಬಿಡುತ್ತಿದ್ದರು. ಟೈಪ್‌ರೈಟರಿನ ಅಭ್ಯಾಸವೂ ಅವರನ್ನು ಮೋಸಗೊಳಿಸುತ್ತಿತ್ತು. ಅದರಲ್ಲಿ ಸ್ಪೇಸ್ ಬಾರ್ ಒತ್ತಿದರೆ ಮುಂದೆ ಸರಿಯುವುದಷ್ಟೇ. ಕಂಪ್ಯೂಟರಿನಲ್ಲಿ ಅದೂ ಒಂದು ಅಕ್ಷರದಂತೆ ಜಾಗ ಹಿಡಿದು ಕೂರುತ್ತದೆ. ಇಷ್ಟಾಗಿ, ತಪ್ಪಿದಾಗ ಏನು ಮಾಡಬೇಕೆಂದು ಕೈಪಿಡಿ ಹೇಳುತ್ತಿರಲಿಲ್ಲ. ಓದುಗ ತಪ್ಪುವುದೇ ಇಲ್ಲವೆಂಬ ನಂಬಿಕೆಯಲ್ಲಿ ಅದನ್ನು ಬರೆಯಲಾಗಿತ್ತು.

ಓದುಗರು ಸೋಮಾರಿಗಳೆಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಕ್ಯಾರೊಲ್ ಹಾಗೆ ಮಾಡಲಿಲ್ಲ. ಈ ಜನ ಬಂದಿರುವುದು ಪತ್ರ ಬರೆಯಲು, ಯಂತ್ರವನ್ನು ಅಧ್ಯಯನ ಮಾಡಲು ಅಲ್ಲ. ಹಾಗಿದ್ದಮೇಲೆ ಬದಲಾಗಬೇಕಾದುದು ಪುಸ್ತಕವೇ ಎಂದು ವಾದಿಸಿದರು. ಸುಮಾರು ಅರ್ಧದಷ್ಟೇ ಗಾತ್ರದ ಹೊಸ ಕೈಪಿಡಿಯೊಂದನ್ನು ತಯಾರಿಸಿದರು. ಪೀಠಿಕೆ, ಸಾರಾಂಶಗಳು ಹೋದವು. ಅಧ್ಯಾಯಗಳಿಗೆ ಯಂತ್ರದ ಭಾಗಗಳ ಹೆಸರು ಬಿಟ್ಟು 'ಏನಾದರೂ ಟೈಪ್ ಮಾಡುವುದು', 'ಕಾಗದದ ಮೇಲೆ ಮುದ್ರಿಸುವುದು' ಎಂಬಂಥ ಕೆಲಸದ ಹೆಸರುಗಳು ಬಂದವು. ಕೆಲವು ಹೆಜ್ಜೆಗಳನ್ನು ಬೇಕೆಂದೇ ಬಿಟ್ಟು, ಪರದೆಯನ್ನು ನೋಡಿ ಊಹಿಸಿಕೊಳ್ಳಲು ಓದುಗರಿಗೇ ಬಿಟ್ಟರು. ಹಿಂದೆ ಇಲ್ಲದಿದ್ದ ಒಂದು ಅಂಶವನ್ನು ಮಾತ್ರ ಧಾರಾಳವಾಗಿ ಸೇರಿಸಿದರು: ಎಡವುವ ಜಾಗಗಳು ಯಾವುವು, ಎಡವಿದಾಗ ಹಿಂದಿರುಗುವುದು ಹೇಗೆ.

ಈ ಪ್ರಯೋಗದ ವರದಿ 1987ರಲ್ಲಿ ಪ್ರಕಟವಾಯಿತು. ಹೊಸ ಕೈಪಿಡಿ ಹಿಡಿದವರು ಶೇಕಡ 40ರಷ್ಟು ಕಡಿಮೆ ಸಮಯದಲ್ಲಿ ಕಲಿತಿದ್ದರು. ಕಲಿತದ್ದನ್ನು ಹೆಚ್ಚು ಚೆನ್ನಾಗಿ ಮಾಡಿಯೂ ತೋರಿಸಿದ್ದರು.

ಆಮೇಲೆ ಆದದ್ದು ತಮಾಷೆಯ ಸಂಗತಿ. ಇದು 'ಮಿನಿಮಲ್' ಕೈಪಿಡಿ ಎಂಬ ಹೆಸರನ್ನಷ್ಟೇ ಕೇಳಿಸಿಕೊಂಡ ಹಲವರು, ಪುಟ ಕತ್ತರಿಸಿದರೆ ಸಾಕೆಂದುಕೊಂಡರು. ಕಾಗದದ ಖರ್ಚು ಉಳಿಸುವವರಿಗೆ ಇದಕ್ಕಿಂತ ಒಳ್ಳೆಯ ಸಿದ್ಧಾಂತ ಬೇಕೆ? ಕೊನೆಗೆ ಕ್ಯಾರೊಲ್ ಅವರು ನೆದರ್ಲೆಂಡ್ಸಿನ ಸಂಶೋಧಕ ಹಾನ್ಸ್ ವಾನ್ ಡೆರ್ ಮೈ ಜತೆಗೂಡಿ 1995ರಲ್ಲಿ ತತ್ವಗಳನ್ನು ಹೊಸದಾಗಿ ವಿವರಿಸಬೇಕಾಯಿತು. ಓದುಗನನ್ನು ಮೊದಲು ಕೆಲಸಕ್ಕೆ ಹಚ್ಚಬೇಕು. ಅದು ಅವನ ನಿಜವಾದ ಕೆಲಸವೇ ಆಗಿರಬೇಕು. ತಪ್ಪನ್ನು ಗುರುತಿಸಿ ತಿದ್ದಿಕೊಳ್ಳಲು ನೆರವಾಗಬೇಕು. ಪುಸ್ತಕವನ್ನು ಎಲ್ಲಿ ತೆರೆದರೂ ಬೇಕಾದದ್ದು ಸಿಗಬೇಕು. ಪುಟಗಳು ಎಷ್ಟಿರಬೇಕೆಂಬುದು ಆ ನಾಲ್ಕರಲ್ಲಿ ಇರಲಿಲ್ಲ.